ನಿಜಲಿಂಗಪ್ಪನ ಹಗ್ಗದಲ್ಲಿ ಅಳೆದ ದಾರಿ

ಅಸುಂಡಿಯಲ್ಲಿ ಹಗ್ಗದವರ ಮನೆತನ ಅಂದರೆ ಮೊದಲು ಬರುವ ಹೆಸರು ನಿಜಲಿಂಗಪ್ಪನದು. ಅವನಿಗಿಂತ ಹಿಂದೆಯೂ ಆ ಮನೆಯಲ್ಲಿ ಜನ ಹುಟ್ಟಿದ್ದರು, ಎರಿ ಹೊಲ ಉತ್ತಿದ್ದರು, ಮಣ್ಣಾಗಿದ್ದರು. ಆದರೆ ಊರು ನೆನಪಿಟ್ಟುಕೊಂಡದ್ದು ಇವನನ್ನೇ. ಆರೂವರೆ ಅಡಿಯ ಆಳು. ಒಂದು ಮಳೆಗಾಲದಲ್ಲಿ ಮುಂಡರಗಿ ದಾರಿಯಲ್ಲಿ ಹತ್ತಿ ಹೇರಿದ ಚಕ್ಕಡಿ ಅಚ್ಚಿನ ಮಟ ಹುಗಿದುಕೊಂಡಾಗ, ಎತ್ತುಗಳನ್ನು ಬಿಚ್ಚಿಸಿ, ಅಚ್ಚಿನ ಕೆಳಗೆ ತಾನೇ ಹೆಗಲು ಕೊಟ್ಟು ಮೇಲೆತ್ತಿದವನು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಮಾತಿಗೆ ಮಾತು ಬೆಳೆದರೆ ಹಿರಿಯರು "ನಿಜಲಿಂಗಪ್ಪ ಬಂದು ಕೈ ಚಾಚ್ಲಿ" ಎನ್ನುತ್ತಿದ್ದರು. ಅವನು ಬದುವಿನ ಮೇಲೆ ನಿಂತು ಎರಡೂ ಕೈ ಚಾಚಿದರೆ ಅದು ಒಂದು ಮಾರು. ಆ ಮಾರಿನ ಮೇಲೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಅವನಿಗೆ ಮುಪ್ಪು ಬಂದು ಕೈ ನಡುಗುವ ಮೊದಲೇ ಮಗ ಚನ್ನವೀರಪ್ಪ ಪುಂಡಿನಾರಿನ ಹಗ್ಗ ಹೊಸೆದು, ಅಪ್ಪನ ಚಾಚಿದ ಕೈಗೆ ಹಿಡಿದು ಹತ್ತು ಮಾರು ಅಳೆದು, ಮಾರಿಗೊಂದು ಗಂಟು ಹಾಕಿ ಜಂತಿಗೆ ತೂಗುಬಿಟ್ಟ. ಈ ಚನ್ನವೀರಪ್ಪನೂ ಕಡಿಮೆಯವನಲ್ಲ. ಊರಿನ ದಿಬ್ಬಣ ಹುಬ್ಬಳ್ಳಿಗೆ ಹೊರಟಾಗ ಮದುಮಗನ ಬಾಸಿಂಗವೇ ಮನೆಯಲ್ಲಿ ಉಳಿದುಬಿಟ್ಟಿತ್ತು. ಅದನ್ನು ಎದೆಗವುಚಿಕೊಂಡು ಬರಿಗಾಲಲ್ಲಿ ಗದಗಿನ ಟೇಶನ್ನಿಗೆ ಓಡಿ, ಗಾಡಿ ಅಲುಗುವಷ್ಟರಲ್ಲಿ ಕಿಟಕಿಯೊಳಗೆ ಕೊಟ್ಟು ಬಂದ. ಅವನ ಹೆಂಡತಿ ಗದಿಗೆವ್ವ ಕಳೆ ತೆಗೆಯಲು ನಿಂತರೆ ಉಳಿದವರಿಗೆ ಒಂದು ಸಾಲು, ಇವಳಿಗೆ ಎರಡು. ಎರಡೂ ಮುಗಿಸಿ ಬದುವಿಗೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಈಗ ಎಂಬತ್ತು ದಾಟಿದ್ದಾಳೆ. ಬಾಯಿ ಇನ್ನೂ ಎರಡು ಸಾಲು ಹಿಡಿದೇ ನಡೆಯುತ್ತದೆ.

ಚನ್ನವೀರಪ್ಪ ತೀರಿದ ಮೇಲೆ ಇಬ್ಬರು ಮಕ್ಕಳು ಅದೇ ಹಗ್ಗ ಎಳೆದು ಹೊಲ ಹಂಚಿಕೊಂಡರು. ಹಿರಿಯ ವೀರಭದ್ರಪ್ಪನಿಗೆ ಹಳ್ಳದ ಕಡೆಯದು, ಕಿರಿಯ ಫಕ್ಕೀರಪ್ಪನಿಗೆ ದಾರಿಯ ಕಡೆಯದು. ಹಿರಿಯನ ಮಗಳು ಐಶ್ವರ್ಯಾ, ಕಿರಿಯನ ಮಗಳು ಶೀತಲ್. ಮೂರು ತಿಂಗಳ ಅಂತರದಲ್ಲಿ ಹುಟ್ಟಿದವರು. ಒಂದೇ ತೊಟ್ಟಿಲು ಇಬ್ಬರಿಗೂ ಸಾಲದೆ ಗದಿಗೆವ್ವ ಒಬ್ಬಳನ್ನು ಸೀರೆಯ ಜೋಳಿಗೆಯಲ್ಲಿ ತೂಗುತ್ತಿದ್ದಳು. ಜೋಳಿಗೆಯಲ್ಲಿ ಮಲಗಿದ್ದವಳು ತಾನೇ ಎಂಬುದು ಗೊತ್ತಾದ ದಿನ ಶೀತಲ್ ಊಟ ಬಿಟ್ಟಿದ್ದಳು. ಆಗ ಅವಳಿಗೆ ಏಳು ವರ್ಷ.

ಶಾಲೆಯ ಓಟದಲ್ಲಿ ಮಾತ್ರ ಶೀತಲ್ ಯಾವಾಗಲೂ ಮುಂದು, ಐಶ್ವರ್ಯಾ ಯಾವಾಗಲೂ ಹಿಂದು. ಗೆದ್ದ ಸ್ಟೀಲಿನ ಲೋಟ, ತಟ್ಟೆ ಎಲ್ಲ ಶೀತಲ್‌ಳ ಮನೆಗೇ ಬರುತ್ತಿದ್ದವು. ಹತ್ತನೆಯ ತರಗತಿಯಲ್ಲಿ ಬೆಳಗಾವಿಗೆ ಪ್ರವಾಸ ಹೋದಾಗ ದಂಡಿನ ಕ್ಯಾಂಪಿನ ಕಡೆಯ ಒಂದು ಕೂಡುರಸ್ತೆಯಲ್ಲಿ ಅವರ ಬಸ್ಸು ನಿಂತಿತು. ಕೆಂಪು ಟೊಪ್ಪಿಗೆ, ಬಿಳಿ ಪಟ್ಟಿಯ ಒಬ್ಬ ಹೆಣ್ಣುಮಗಳು ನಡುರಸ್ತೆಯಲ್ಲಿ ನಿಂತು ಒಂದು ಕೈ ಎತ್ತಿದ್ದಳು. ಎದುರಿಗೆ ಮಿಲಿಟರಿ ಲಾರಿಗಳ ಸಾಲು ಗಪ್ಪನೆ ನಿಂತಿತ್ತು. ಎತ್ತಿದ ಕೈ ಅವಳು ಇಳಿಸುವ ತನಕ ಒಂದು ಲಾರಿಯೂ ಗುರ್ ಅನ್ನಲಿಲ್ಲ. ಶೀತಲ್‌ಳ ಮೈಯೆಲ್ಲ ಜುಮ್ಮೆಂದಿತು. ಪಕ್ಕದಲ್ಲಿ ಕುಂದಾ ತಿನ್ನುತ್ತ ಕುಳಿತಿದ್ದ ಐಶ್ವರ್ಯಾಳ ಪಕ್ಕೆ ತಿವಿದು, "ಐಶು, ನೋಡಲ್ಲೆ. ನಾ ಅದ ಆಗಾಕಿ" ಅಂದಳು. ಐಶ್ವರ್ಯಾ ಬಾಯಿ ತುಂಬಿಕೊಂಡೇ ಹ್ಞೂಂ ಅಂದಳು. ಸರಿಯಾಗಿ ನೋಡಲೂ ಇಲ್ಲ.

ಮುಂದೆ ಪಿಯುಸಿ ಮುಗಿದು ಅಗ್ನಿವೀರ ಭರ್ತಿಗೆ ಫಾರ್ಮು ತುಂಬುವ ವಾರವೇ ಶೀತಲ್‌ಗೆ ಕಾಮಾಲೆ ಹತ್ತಿತು. ಕಣ್ಣು ಅರಿಷಿಣವಾಗಿ, ಗಂಜಿ ಕುಡಿದುಕೊಂಡು ಎರಡು ತಿಂಗಳು ಮಲಗಿದಳು. ಎದ್ದು ಹೊರಗೆ ಬರುವಷ್ಟರಲ್ಲಿ ಐಶ್ವರ್ಯಾ ಫಾರ್ಮು ತುಂಬಿ, ಬೆಟಗೇರಿಯ ಕುತುಬುದ್ದೀನ ಹವಾಲ್ದಾರರ ಕೈಯಲ್ಲಿ ತಯಾರಾಗುತ್ತಿದ್ದಳು. ಕುತುಬುದ್ದೀನ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದವರು. ಗದಗಿನ ಮೈದಾನದಲ್ಲಿ ಹುಡುಗ ಹುಡುಗಿಯರನ್ನು ಓಡಿಸಿ ಅಣಿ ಮಾಡುತ್ತಿದ್ದರು. ಐಶ್ವರ್ಯಾ ಪರೀಕ್ಷೆಯಲ್ಲಿ ಪಾಸಾದಳು, ಓಟದಲ್ಲಿ ಪಾಸಾದಳು. ಸೇರಿದ್ದು ಯಾವುದಕ್ಕೆ? ಮಿಲಿಟರಿ ಪೊಲೀಸಿಗೆ, ಬೆಳಗಾವಿಯಲ್ಲಿ ಕಂಡ ಆ ಕೆಂಪು ಟೊಪ್ಪಿಗೆಯ ಪಡೆಗೇ. ಭೂಸೇನೆಯಲ್ಲಿ ಅಗ್ನಿವೀರರಾಗುವ ಹೆಣ್ಣುಮಕ್ಕಳಿಗೆ ಇರುವ ಬಾಗಿಲು ಅದೊಂದೇ. ಆದರೆ ಶೀತಲ್‌ಗೆ ಹಾಗೆ ಕಾಣಲಿಲ್ಲ. ತನ್ನ ತಾಟಿನಿಂದ ಹೋಳಿಗೆ ಎತ್ತಿಕೊಂಡು ಹೋದಂತೆ ಕಂಡಿತು.

ಅಂದಿನಿಂದ ಅವಳ ಹೊಟ್ಟೆಯಲ್ಲಿ ಒನಕೆಯೊಂದು ಒಣಮೆಣಸಿನಕಾಯಿ ಕುಟ್ಟತೊಡಗಿತು. ಪಂಚಾಯತಿಯವರು ಬಸ್ ಸ್ಟ್ಯಾಂಡಿನಲ್ಲಿ ಐಶ್ವರ್ಯಾಳ ಚಿತ್ರದ ಫ್ಲೆಕ್ಸ್ ಕಟ್ಟಿದರು. ಶೀತಲ್ ಕಾಲೇಜಿಗೆ ಹೋಗುವಾಗ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಆಷಾಢದ ಗಾಳಿಗೆ ಅದು ಸೀಳಿ ಐಶ್ವರ್ಯಾಳ ಮುಖ ಎರಡಾದ ದಿನ ಇವಳಿಗೆ ಎರಡು ರೊಟ್ಟಿ ಹೆಚ್ಚು ಸೇರಿದವು. ಎಂಟು ದಿನಕ್ಕೆ ಪಂಚಾಯತಿಯವರು ಅದಕ್ಕಿಂತ ದೊಡ್ಡದನ್ನು ಕಟ್ಟಿದರು. ಐಶ್ವರ್ಯಾ ಫೋನಿನಲ್ಲಿ ಸ್ಟೇಟಸ್ ಹಾಕಿದರೆ ಶೀತಲ್ ತನ್ನ ಫೋನಿನಲ್ಲಿ ನೋಡುತ್ತಿರಲಿಲ್ಲ. ನೋಡಿದವರ ಹೆಸರು ಅಲ್ಲಿ ಕಾಣುತ್ತದಲ್ಲ! ಅವ್ವನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಒಂದೊಂದು ಚಿತ್ರವನ್ನೂ ನಾಲ್ಕು ನಾಲ್ಕು ಸಲ ನೋಡುತ್ತಿದ್ದಳು. ಬೂಟು ನೋಡುತ್ತಿದ್ದಳು. ಬಿಳಿ ಪಟ್ಟಿ ನೋಡುತ್ತಿದ್ದಳು. "ನಿಮ್ಮ ಅವ್ವ ನಾ ಹಾಕಿದ್ದೆಲ್ಲಾ ನೋಡ್ತಾರ, ನೀ ಒಂದೂ ನೋಡಂಗಿಲ್ಲಲಾ" ಎಂದು ಐಶ್ವರ್ಯಾ ಒಮ್ಮೆ ಮೆಸೇಜು ಕಳಿಸಿದಳು. "ಓದೂದು ಭಾಳ ಐತಿ" ಎಂದು ಇವಳು ತಿರುಗಿ ಬರೆದಳು.

ಓದುತ್ತಿದ್ದದ್ದೇನೋ ಖರೆ. ಗದಗಿನ ಕಾಲೇಜಿನಲ್ಲಿ ಬಿಎಸ್ಸಿ. ಆದರೆ ಜೀವ ಇದ್ದದ್ದು ಬೇರೆ ಕಡೆ. ಬರುವ ಶ್ರಾವಣಕ್ಕೆ ಇಪ್ಪತ್ತೊಂದು ತುಂಬುತ್ತದೆ. ಅಲ್ಲಿಗೆ ಸೈನ್ಯದ ಬಾಗಿಲು ಮುಚ್ಚಿದಂತೆ. ಉಳಿದದ್ದು ಈ ವರ್ಷದ ಭರ್ತಿ ಒಂದೇ. ಸೇರುವುದೋ ಬಿಡುವುದೋ, ಸೇರಿದರೆ ಯಾವುದಕ್ಕೆ ಎಂದು ಮನೆಯಲ್ಲಿ ಕೇಳಿ ಕೇಳಿ ಸಾಕಾದರು. ಅವಳು ಸೋಮವಾರ ವಾಯುಸೇನೆ ಅಂದರೆ ಗುರುವಾರ ನೌಕಾಸೇನೆ ಅನ್ನುತ್ತಿದ್ದಳು, ಶನಿವಾರ "ಬ್ಯಾಡ ಬಿಡ್ರಿ, ಬಿಎಡ್ ಮಾಡ್ತೀನಿ" ಅನ್ನುತ್ತಿದ್ದಳು.

ಫಕ್ಕೀರಪ್ಪನೇ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುತುಬುದ್ದೀನರ ಮನೆಗೆ ಕರೆದುಕೊಂಡು ಹೋದ. ಹವಾಲ್ದಾರರು ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದರು.

"ಬರ್ರಿ ಫಕ್ಕೀರಪ್ಪ, ಕುಂಡ್ರಿ. ಏನ ಬೇಟಾ, ಐಶ್ವರ್ಯಾನ ತಂಗಿ ಹೌದಿಲ್ಲೋ ನೀ?"

ಅಲ್ಲಿಂದಲೇ ಶೀತಲ್‌ಳ ಮುಖ ಗಂಟಿಕ್ಕಿತು. "ಫಕ್ಕೀರಪ್ಪನ ಮಗಳ್ರಿ" ಅಂದಳು.

"ಹೌದಪಾ, ಫಕ್ಕೀರಪ್ಪನ ಮಗಳು. ಯಾವದಕ್ಕ ಹೋಗಬೇಕಂತಿ?"

"ಮಿಲಿಟರಿ ಪೊಲೀಸ್ ಒಂದು ಬಿಟ್ಟು ಯಾವದಾದ್ರೂ ನಡೀತೈತ್ರಿ."

"ಅದ್ಯಾಕ ಅದೊಂದು ಬ್ಯಾಡ?"

"ಹಂಗ ಸುಮ್ನ್ರಿ."

"ನೌಕಾಸೇನೆ?" ಹವಾಲ್ದಾರರು ಕೊತ್ತಂಬರಿಯ ಬೇರು ಕಿತ್ತು ಎಸೆದರು. "ನೀರು ಎಷ್ಟು ಕಂಡೀ?"

"ಸಿಂಗಟಾಲೂರಿಗೆ ಹೋದಾಗ ಹೊಳಿ ಕಂಡೇನ್ರಿ."

"ಆತು. ಹೊಳಿ ಕಂಡಾಕಿ ಸಮುದ್ರ ಆಳ್ತೀಯಲಾ, ಭೇಷ್! ವಾಯುಸೇನೆ ಅಂದ್ರ ವಿಮಾನ ಹಾರಸೂದು ಅಂತ ತಿಳದೀಯೇನು? ಅಗ್ನಿವೀರರ ಕೈಯಾಗ ವಿಮಾನ ಕೊಡಂಗಿಲ್ಲ ಮತ್ತ."

"ಗೊತ್ತೈತ್ರಿ. ಆದ್ರೂ ಅದು ಮ್ಯಾಲಿಂದಲ್ರಿ?"

"ಯಾರಕಿಂತ ಮ್ಯಾಲೆ?"

ಫಕ್ಕೀರಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಕುತುಬುದ್ದೀನರು ಮುಸಿಮುಸಿ ನಕ್ಕು, "ಯಾವದಕ್ಕ ಹೋದ್ರೂ ಸಾವಿರದಾ ಆರುನೂರು ಮೀಟರು ಎಂಟು ನಿಮಿಷದೊಳಗ ಓಡಬೇಕು. ನಿಂದು ಎಷ್ಟು ಬರ್ತೈತಿ?" ಎಂದು ಕೇಳಿದರು.

"ಸರಿ ಐತ್ರಿ."

"ಸರಿ ಅಂದ್ರ ಎಷ್ಟು? ನಾಳೆ ಮೈದಾನಕ್ಕ ಬಾ, ನೋಡೂಣು."

ಅವಳು ಹೋಗಲಿಲ್ಲ. ಐಶ್ವರ್ಯಾ ಓಡಿದ ಮಣ್ಣಿನಲ್ಲಿ ತಾನು ಓಡುವುದಿಲ್ಲ ಎಂದು ಮೊದಲೇ ಆಣೆ ಮಾಡಿಕೊಂಡಿದ್ದಳು. ಅದಕ್ಕೇ ಹಿಂದಿನ ವರ್ಷವೇ ಅಪ್ಪ ಅವಳಿಗಾಗಿ ಹೊಲದ ಚಕ್ಕಡಿ ದಾರಿಯನ್ನೇ ಅಳೆದುಕೊಟ್ಟಿದ್ದ. ಜಂತಿಯಿಂದ ನಿಜಲಿಂಗಪ್ಪನ ಹಗ್ಗ ಇಳಿಸಿ, ಅದಕ್ಕೆ ಕೈಮುಗಿದು, ಬನ್ನಿಗಿಡದಿಂದ ಎಳೆಯಲು ಶುರುಮಾಡಿ, ನಲವತ್ನಾಲ್ಕು ಹಗ್ಗ ಹೋಗಿ ಅಲ್ಲೊಂದು ಕಲ್ಲು ನೆಟ್ಟ. ಹೋಗಿ ಬಂದರೆ ಎಂಬತ್ತೆಂಟು ಹಗ್ಗ. ಸಾವಿರದಾ ಆರುನೂರು ಮೀಟರಿಗೆ ಅರ್ಧ ಹಗ್ಗ ಹೆಚ್ಚು ಆದೀತೇ ಹೊರತು ಕಡಿಮೆ ಇಲ್ಲ ಎಂದು ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದ. ದಿನಾ ಮುಂಜಾನೆ ಫೋನು ಹಿಡಿದು ಬನ್ನಿಗಿಡದ ಕೆಳಗೆ ಅವನು ನಿಲ್ಲುವುದು, ಮಗಳು ಓಡುವುದು. ಒಂದು ವರ್ಷದಿಂದ ಹೀಗೇ ನಡೆದಿತ್ತು. ಒಂಬತ್ತೂವರೆ ನಿಮಿಷ ಇದ್ದದ್ದು ಒಂಬತ್ತಕ್ಕೆ ಬಂತು, ಒಂಬತ್ತರಿಂದ ಎಂಟು ನಲವತ್ತೆಂಟಕ್ಕೆ ಬಂತು. ಅಲ್ಲಿಂದ ಕೆಳಗೆ ಒಂದು ಸೆಕೆಂಡೂ ಇಳಿಯಲಿಲ್ಲ.

ವಾಯುಸೇನೆ, ನೌಕಾಸೇನೆ, ಬಿಎಡ್ಡು, ಈ ಸುತ್ತಾಟವೆಲ್ಲ ಹೊರಗಿನ ಮುಸುಕು. ಒಳಗಿನ ಸಂಗತಿ ಇಷ್ಟೇ: ಅವಳ ಓಟ ಎಲ್ಲಿಗೂ ಸಾಲುತ್ತಿರಲಿಲ್ಲ. ತನ್ನ ಬೆನ್ನು ನೋಡಿಕೊಂಡು ಓಡುತ್ತಿದ್ದವಳು ಎಂಟರೊಳಗೆ ಮುಗಿಸಿದ್ದಾಳೆ, ತನಗೆ ಆಗುತ್ತಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಯಾವುದಕ್ಕೆ ಹೋಗಲಿ ಎಂದು ತೋಚದವಳ ಹಾಗೆ ನಟಿಸುವುದು ಹಗುರಾಗಿತ್ತು.

ಎಳ್ಳಮಾಸಿಯ ಹಬ್ಬಕ್ಕೆ ಐಶ್ವರ್ಯಾ ರಜೆಯ ಮೇಲೆ ಬಂದಳು. ಕೂದಲು ಗಿಡ್ಡಗೆ ಕತ್ತರಿಸಿಕೊಂಡಿದ್ದಳು, ಕುತ್ತಿಗೆ ನೆಟ್ಟಗಾಗಿತ್ತು. ಎರಡೂ ಮನೆಯವರು ಸೇರಿ ಹೊಲಕ್ಕೆ ಬುತ್ತಿ ಹೊತ್ತು, ಬೆಳೆಗೆ ಎಡೆಯ ಚರಗ ಚೆಲ್ಲಿ, ಬದುವಿನ ಮೇಲೆ ಊಟಕ್ಕೆ ಕುಳಿತರು. ಗದಿಗೆವ್ವ ಮೊದಲ ಶೇಂಗಾ ಹೋಳಿಗೆಯನ್ನು ಐಶ್ವರ್ಯಾಳ ತಾಟಿಗೆ ಹಾಕಿದಳು. ಪ್ರತಿ ವರ್ಷ ಅದು ಶೀತಲ್‌ಳ ತಾಟಿಗೆ ಬೀಳುತ್ತಿತ್ತು.

"ಆಯಿ, ನನಗ ಹೊಟ್ಟಿ ತುಂಬೇತಿ" ಎಂದು ಶೀತಲ್ ತಾಟು ಸರಿಸಿದಳು.

"ಇನ್ನೂ ತುತ್ತ ಎತ್ತಿಲ್ಲ, ಹೊಟ್ಟಿ ತುಂಬಿತಂತ! ಗಾಳಿ ಕುಡದು ಬಂದೀಯೇನ ಹುಡುಗಿ? ನಿನ್ನ ಹೊಟ್ಟ್ಯಾಗ ಏನ ತುಂಬೇತಿ ಅಂತ ನನಗೂ ಕಾಣತೈತಿ. ಸುಮ್ನ ಉಣ್ಣು" ಎಂದು ಗದಿಗೆವ್ವ ಎರಡನೆಯದನ್ನು ಅವಳ ತಾಟಿಗೆ ಒಗೆದಳು. ಎಲ್ಲರೂ ನಕ್ಕರು. ಐಶ್ವರ್ಯಾ ಒಬ್ಬಳೇ ನಗಲಿಲ್ಲ. ಅದೂ ಶೀತಲ್‌ಗೆ ಚುಚ್ಚಿತು. ದೊಡ್ಡಸ್ತಿಕೆ ತೋರಿಸುತ್ತಿದ್ದಾಳೆ ಅಂದುಕೊಂಡಳು.

ಮರುದಿನ ಮುಂಜಾನೆ ಶೀತಲ್ ಬನ್ನಿಗಿಡದ ಹತ್ತಿರ ಹೋದಾಗ ಐಶ್ವರ್ಯಾ ಅಲ್ಲಿ ಬಂದು ಬೂಟಿನ ದಾರ ಕಟ್ಟುತ್ತಿದ್ದಳು.

"ಕಾಕಾ, ನಾನೂ ಇಲ್ಲೇ ಒಂದ್ ಸಲ ಓಡ್ತೀನಿ. ರಜಾದಾಗ ಮೈ ಜಡ್ಡುಗಟ್ಟಬಾರ್ದು."

ಫಕ್ಕೀರಪ್ಪನ ಮುಖ ಅರಳಿ ಹೂವಾಯಿತು. "ಓಡವ್ವಾ ಓಡು. ನಮ್ಮ ಮುತ್ಯಾನ ಹಗ್ಗದಾಗ ಅಳದ ದಾರಿ ಇದು!"

ಶೀತಲ್ ಬದುವಿಗೆ ಕುಳಿತಳು. ಕಡಲೆಯ ಹೊಲದ ಆಚೆ ಐಶ್ವರ್ಯಾ ಸಣ್ಣಗಾಗುತ್ತ ಹೋಗಿ, ಕಲ್ಲು ಮುಟ್ಟಿ, ತಿರುಗಿ ದೊಡ್ಡವಳಾಗುತ್ತ ಬರುವುದನ್ನು ನೋಡಿದಳು. ಒಳ್ಳೆಯ ಓಟ. ಮೊದಲಿನ ಹಾಗೆ ಕೈ ಬೀಸಾಡುವುದಿಲ್ಲ. ನೋಡುತ್ತ ನೋಡುತ್ತ ಶೀತಲ್‌ಳ ಬಾಯಿ ಕಹಿಯಾಯಿತು.

"ಎಂಟು ನಿಮಿಷ ಮೂವತ್ತಾರು ಸೆಕೆಂಡು" ಎಂದು ಫಕ್ಕೀರಪ್ಪ ಮೆಲ್ಲಗೆ ಅಂದ.

ಶೀತಲ್ ಚಂಗನೆ ಎದ್ದಳು. ಎರಡು ವರ್ಷದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ಅವಳಪ್ಪ ಕಂಡಿರಲಿಲ್ಲ. "ಎಂಟು ಮೂವತ್ತಾರು! ಕೇಳಿದ್ಯೇನ ಅಪ್ಪಾ? ಎಂಟರೊಳಗ ಮುಗಿಸಿ ಆರಿಸಿ ಬಂದಾಕಿ! ಯಾರ ಮಾತಿನ ಮ್ಯಾಲೆ ತಗೊಂಡ್ರ ನಿನ್ನ? ಯಾರ ಶಿಫಾರಸು? ಊರ ತುಂಬ ಫ್ಲೆಕ್ಸ್ ಕಟ್ಟಿಸಿಕೊಂಡು ಮೆರದಿ!"

"ಶೀತಲ್!" ಎಂದು ಅಪ್ಪ ಗದರಿಸಿದ.

ಐಶ್ವರ್ಯಾ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದಳು. ಸಿಟ್ಟಾಗಲಿಲ್ಲ. ಹುಬ್ಬು ಗಂಟಿಕ್ಕಿ ಕಲ್ಲಿನ ಕಡೆ ನೋಡಿದಳು. "ಹೋದ ವಾರ ಏಳು ನಲವತ್ತೆರಡಕ್ಕ ಮುಗಿಸೇನಿ" ಅಂದಳು. "ಒಂದು ನಿಮಿಷದ ಫರಕು ಬರಾಕ ಸಾಧ್ಯ ಇಲ್ಲ. ಕಾಕಾ, ದಾರಿ ಉದ್ದ ಐತಿ."

"ನಮ್ಮ ಹಗ್ಗ ಸುಳ್ಳೇನು?" ಶೀತಲ್ ಬೆಂಕಿಯಾದಳು. "ನಿಮ್ಮಪ್ಪ ಹೊಲ ಹಂಚಿಕೊಂಡಿದ್ದು ಅದರಾಗ. ಆವಾಗ ಸುಳ್ಳ ಇರಲಿಲ್ಲೇನು?"

ಹೊಲದ ಮಾತು ಬಂದದ್ದೇ ಫಕ್ಕೀರಪ್ಪನ ಮುಖ ಬಾಡಿತು. ಹದಿನೆಂಟು ವರ್ಷ ಅಣ್ಣತಮ್ಮಂದಿರು ತಕರಾರು ತೆಗೆಯದೆ ಬಾಳಿದ್ದು ಆ ಹಗ್ಗದ ನಂಬಿಕೆಯ ಮೇಲೆ. ಐಶ್ವರ್ಯಾ ಮನೆಗೆ ಹೋಗಿ, ಗೋಡೆ ಕಟ್ಟಲು ಬಂದ ಗೌಂಡಿ ಬಿಟ್ಟು ಹೋಗಿದ್ದ ನೂರಡಿಯ ಟೇಪು ತಂದಳು. ಗದಿಗೆವ್ವನ ಅಂಗಳದಲ್ಲೇ ಹಗ್ಗ ಬಿಚ್ಚಿ ಮಲಗಿಸಿದರು. ವೀರಭದ್ರಪ್ಪನೂ ಬಂದು ನಿಂತ. ಹತ್ತು ಮಾರಿಗೆ ಅರವತ್ತು ಅಡಿ ಇರಬೇಕಾದ ಹಗ್ಗ ಅರವತ್ತಾರು ಅಡಿ ಎಂಟು ಅಂಗುಲ ಇತ್ತು.

ಅಣ್ಣತಮ್ಮಂದಿರು ಟೇಪಿನ ತುದಿಗೆ ಬಗ್ಗಿ ಅಂಕಿಯನ್ನು ಮತ್ತೆ ಓದಿದರು. ಗದಿಗೆವ್ವ ಕಟ್ಟೆಯ ಮೇಲಿಂದ ಕತ್ತು ಚಾಚಿ, "ಏನಾತ್ರೋ? ಯಾರ ಸತ್ತರು?" ಎಂದು ಕೇಳಿದಳು.

"ಯವ್ವಾ, ಮುತ್ಯಾನ ಹಗ್ಗ ತಪ್ಪೈತಿ. ಒಂದು ಮಾರಿಗೆ ಎಂಟು ಅಂಗುಲ ಹೆಚ್ಚಾಗೇತಿ" ಎಂದು ಫಕ್ಕೀರಪ್ಪ ಅಳುವವನ ಹಾಗೆ ಅಂದ.

"ಹಗ್ಗ ಯಾಕ ತಪ್ಪತೈತಿ? ಮಾರಿಗೆ ಆರು ಅಡಿ ಅಂತ ನಿನಗ ಹೇಳಿದವರ್ಯಾರು?"

"ಸಾಲ್ಯಾಗ ಮಾಸ್ತರು ಹೇಳಿದ್ರು."

"ಆ ಮಾಸ್ತರ ಕೈ ಇದ್ದದ್ದು ಇಷ್ಟಿಷ್ಟ. ನಮ್ಮ ಮಾವನ ಕೈ ಮಂದಿ ಕೈಯಂಗ ಇದ್ದೂವೇನು? ನೆಲುವಿನ ಮೊಸರ ಗಡಿಗಿ ಕುಂತಲ್ಲೇ ಇಳಸ್ತಿದ್ರು! ಹೊಲ ಹಂಚೂವಾಗ ಇಬ್ಬರಿಗೂ ಒಂದ ಹಗ್ಗ ಎಳದೀರಿ, ಇಬ್ಬರಿಗೂ ಸಮ ಬಂದೈತಿ. ಇದಕ್ಯಾಕ ಹೆಣದ ಮುಂದ ನಿಂತಂಗ ನಿಂತೀರಿ?"

ವೀರಭದ್ರಪ್ಪ ಮೊದಲು ನಕ್ಕ, ಆಮೇಲೆ ಫಕ್ಕೀರಪ್ಪ. ನಿಜಲಿಂಗಪ್ಪನ ಕೈಗಳನ್ನು ಹೊಗಳುವುದೇ ಹುಟ್ಟುಗುಣವಾದ ಮನೆಯಲ್ಲಿ, ಆ ಕೈ ಲೋಕದ ಕೈಗಿಂತ ಉದ್ದವಿದ್ದರೆ ಮಾರೂ ಉದ್ದವಾಗಿರಲೇಬೇಕು ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಐಶ್ವರ್ಯಾ ಫೋನಿನಲ್ಲಿ ಲೆಕ್ಕ ಹಾಕಿ ಶೀತಲ್‌ಳ ಹತ್ತಿರ ಬಂದಳು. "ನೂರಾ ಎಂಬತ್ತೆಂಟು ಮೀಟರು ಹೆಚ್ಚು ಓಡಾಕತ್ತಿದ್ದಿ. ನಿಂದು ಎಂಟು ನಲವತ್ತೆಂಟು ಅಂದ್ರ, ಖರೆ ಹೇಳಬೇಕಂದ್ರ ಏಳು ಐವತ್ತೆರಡು. ಯಾವಾಗೋ ಪಾಸಾಗೀ ನೀ."

ಆ ಮಾತು ಕೇಳಿ ಶೀತಲ್ ಕುಣಿಯಬೇಕಿತ್ತು. ಕುಣಿಯಲಿಲ್ಲ. ಮೊದಲು ತಲೆಗೆ ಬಂದದ್ದು ಏಳು ನಲವತ್ತೆರಡು ಎಂಬ ಅಂಕಿ. ಸರಿಯಾದ ಅಳತೆಯಲ್ಲೂ ಐಶ್ವರ್ಯಾ ಹತ್ತು ಸೆಕೆಂಡು ಮುಂದು. ಎರಡನೆಯದಾಗಿ ಬಂದದ್ದು, ಒಂದು ವರ್ಷ ತಾನು ಬೆವರು ಸುರಿಸಿದರೂ ಕಾಣದ ಸತ್ಯವನ್ನು ಇವಳು ಒಂದೇ ಓಟದಲ್ಲಿ ಕಂಡಳಲ್ಲ ಎಂಬುದು. ಸಿಹಿ ಸುದ್ದಿ ಕೊಟ್ಟ ಕೈ ಇವಳದಾಗಬೇಕಿತ್ತೇ? ಶೀತಲ್ ಅಂಗಳ ದಾಟಿ ಹೊಲದ ಕಡೆ ನಡೆದುಬಿಟ್ಟಳು.

ಐಶ್ವರ್ಯಾ ಬೆನ್ನು ಹತ್ತಿ ಬಂದಳು. ಬದುವಿನ ಮೇಲೆ ಇಬ್ಬರೂ ಒಂದು ಮೊಳ ಬಿಟ್ಟು ಕುಳಿತರು.

"ಶಿಫಾರಸು ಅಂದಿದ್ದು ತಪ್ಪಾತು" ಎಂದಳು ಶೀತಲ್, ಮುಖ ತಿರುಗಿಸದೆ.

"ಆತು ಬಿಡು."

"ಬಿಡಂಗಿಲ್ಲ. ನನಗ ನಿನ್ನ ಮ್ಯಾಲೆ ಹೊಟ್ಟಿಕಿಚ್ಚು ಐತಿ. ಬೆಳಗಾವ್ಯಾಗ ಆ ಹೆಣ್ಮಗಳನ್ನ ನೋಡಿದಾಕಿ ನಾನು. ನೀ ಕುಂದಾ ತಿನ್ನಾಕತ್ತಿದ್ದಿ. ನನ್ನದನ್ನ ನೀ ತಗೊಂಡು ಹೋದಿ."

ಐಶ್ವರ್ಯಾ ಕಡಲೆಯ ಗಿಡ ಒಂದನ್ನು ಕಿತ್ತು ಕಾಯಿ ಬಿಡಿಸತೊಡಗಿದಳು. "ನೀ ಅಂದಿದ್ದಕ್ಕ ನಾ ಫಾರ್ಮು ಹಾಕಿದ್ದು" ಅಂದಳು. "ನನಗೇನ ಗೊತ್ತಿತ್ತು ಅದು? ನೀ ಕಾಮಾಲಿಯಿಂದ ಎದ್ದು ಬರ್ತಿ, ಇಬ್ಬರೂ ಕೂಡಿ ಹೋಗೂಣು ಅಂತ ಇದ್ದೆ. ಅಲ್ಲಿ ಮೊದಲ ಆರು ತಿಂಗಳು ಒಬ್ಬಾಕಿನ ಅತ್ತೇನಿ. ಹಾಕಿದ್ದೆಲ್ಲಾ ನಿನಗ ತೋರಸಾಕ ಹಾಕ್ತಿದ್ದೆ, ನೀ ನೋಡಲೇ ಇಲ್ಲ."

"ನೋಡೇನಿ. ಅವ್ವನ ಫೋನಿನ್ಯಾಗ."

ಐಶ್ವರ್ಯಾ ಅವಳ ಮುಖ ನೋಡಿ ಫಕ್ಕನೆ ನಕ್ಕಳು. ಶೀತಲ್‌ಗೂ ನಗು ಬಂತು, ಆದರೆ ಹೊಟ್ಟೆಯಲ್ಲಿನ ಒನಕೆ ನಿಲ್ಲಲಿಲ್ಲ. ಅದು ನಿಲ್ಲುವುದೂ ಇಲ್ಲ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಮಿಲಿಟರಿ ಪೊಲೀಸಿಗೆ ಹೋದರೆ ಆಯುಷ್ಯಪೂರ್ತಿ ಇವಳ ಹಿಂದಿನವಳೇ. ವಾಯುಸೇನೆಗೆ ಹೋದರೆ ಆ ತ್ರಾಸಿಲ್ಲ. ಆದರೆ ಕಣ್ಣು ಮುಚ್ಚಿದರೆ ಈಗಲೂ ಕಾಣುವುದು ಎತ್ತಿದ ಒಂದು ಕೈ, ಗಪ್ಪನೆ ನಿಂತ ಲಾರಿಗಳ ಸಾಲು. ಇಷ್ಟು ದಿನ ಆಗುವುದಿಲ್ಲ ಎಂಬ ನೆವ ಇತ್ತು. ಈಗ ಆ ನೆವವೂ ಇಲ್ಲ. ಹಿಂದಿನವಳು ಎನಿಸಿಕೊಳ್ಳಲು ಹೆದರಿ ಬೇಕಾದದ್ದನ್ನು ಬಿಡುವುದೋ, ಹೊಟ್ಟೆಕಿಚ್ಚನ್ನೂ ಮಡಿಲಲ್ಲಿ ಕಟ್ಟಿಕೊಂಡು ಹೋಗುವುದೋ, ಇಷ್ಟೇ ಉಳಿದದ್ದು.

"ಮಿಲಿಟರಿ ಪೊಲೀಸಿಗೇ ಹಾಕ್ತೀನಿ" ಎಂದಳು.

ಐಶ್ವರ್ಯಾ ಎದ್ದೇ ನಿಂತಳು. "ಖರೇನ? ಹಂಗಾರ ಕೇಳಿಲ್ಲೆ. ಫಾರ್ಮು ನಾ ತುಂಬಿಸ್ತೀನಿ. ಬರವಣಿಗಿ ಪರೀಕ್ಷಾದ ಪುಸ್ತಕ ಎಲ್ಲಾ ನನ್ನ ಕಡೆ ಅದಾವು. ಕುತುಬುದ್ದೀನ ಸಾಹೇಬರಿಗೆ ಇವತ್ತ ಫೋನ್ ಮಾಡ್ತೀನಿ. ಇನ್ನೂ ಇಪ್ಪತ್ತು ದಿನ ರಜಾ ಐತಿ. ದಿನಾ ಮುಂಜಾನೆ ನಾ ಮುಂದ ಓಡ್ತೀನಿ, ನೀ ನನ್ನ ಹಿಂದ ಬಾ. ಏಳು ಮೂವತ್ತಕ್ಕ ಇಳಸ್ತೀನಿ ನಿನ್ನ!"

ಶೀತಲ್ ಬಟ್ಟೆಯ ಮಣ್ಣು ಕೊಡವಿಕೊಂಡು ಎದ್ದಳು.

"ಬ್ಯಾಡ ಐಶು. ಫಾರ್ಮು ನಾನ ತುಂಬತೀನಿ. ಸಾಹೇಬರ ಮುಂದ ಸುಳ್ಳ ಹೇಳಿ ಬಂದಾಕಿ ನಾನು, ನಾನ ಹೋಗಿ ಖರೆ ಹೇಳ್ತೀನಿ, ನೀ ಫೋನ್ ಮಾಡಬ್ಯಾಡ. ಪುಸ್ತಕ ನಿನ್ನ ಕಡೇನ ಇರಲಿ. ಮತ್ತ ಮುಂಜಾನೆ ನೀ ಈ ಕಡೆ ಬರಬ್ಯಾಡ. ನಿನ್ನ ಬೆನ್ನು ನೋಡಿಕೋಂತ ಓಡಿದ್ರ ನನಗ ಓಟ ಬರಂಗಿಲ್ಲ, ಸಿಟ್ಟು ಬರ್ತೈತಿ. ಮಲಕ್ಕೊ, ಆಯಿ ಮಾಡಿದ್ದು ಉಣ್ಣು, ರಜಾ ಮುಗಿಸಿಕೊಂಡು ಆರಾಮ ಹೋಗು. ನಾ ಬರ್ತೀನಿ. ಒಬ್ಬಾಕಿನ ಬರ್ತೀನಿ."